ಬಾಯ್ಸಿಯ ಕಾಗದದ ಹೆಸರು

ನಮ್ಮ ಹಳ್ಳಿಯ ಕ್ರಿಕೆಟ್ ತಂಡಕ್ಕೆ ಹತ್ತೊಂಬತ್ತು ವರ್ಷಗಳಿಂದ ನಾನೇ ಸೆಕ್ರೆಟರಿ. ಸಂಬಳವಿಲ್ಲ, ಬೈಗುಳ ಮಾತ್ರ ಕೈತುಂಬ. ಆದರೂ ಬಿಟ್ಟುಕೊಟ್ಟವನಲ್ಲ. ಅಕ್ಕಿ ಗಿರಣಿಯಲ್ಲಿ ತೂಕ ಬರೆದು ಬರೆದು ತಲೆ ನರೆತವನು ನಾನು. ಈ ಸುಗ್ರೀಮನ ಬರಹದಲ್ಲಿ ತಪ್ಪು ಹುಡುಕುವುದೂ ಒಂದೇ, ಕಡಲಿನಲ್ಲಿ ಸೂಜಿ ಹುಡುಕುವುದೂ ಒಂದೇ ಎಂದು ಜನ ಹೇಳುತ್ತಿದ್ದರು. ನಾನೂ ಅದನ್ನು ನಂಬಿ ಉಬ್ಬಿದ್ದೆ.

ಆ ವರ್ಷ ನ್ಯೂಯಾರ್ಕಿನಿಂದ ಕರೆ ಬಂತು. ನಮ್ಮ ಗಯಾನಾದಿಂದ ಹೋಗಿ ಅಲ್ಲಿ ನೆಲೆಸಿದವರು ಐವತ್ತು ದಾಟಿದವರಿಗಾಗಿ ಮೆತ್ತನೆ ಚೆಂಡಿನ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತಾರೆ. ಕಪ್ತಾನ ಕಾಸಿಮನ ಮನೆ ಕಂಬಗಳ ಮೇಲೆ ನಿಂತಿದೆ. ಅದರ ಕೆಳಗಿನ ನೆರಳಿನಲ್ಲಿ, ಬಲೆಯ ತೂಗುಮಂಚದ ಸುತ್ತ, ಹದಿಮೂರು ಮಂದಿ ಸೇರಿದೆವು.

"ಹೋದ್ರೆ ಎಲ್ಲರೂ ಹೋಗೋದು. ಒಬ್ಬ ಬಿಟ್ಟುಹೋದ್ರೂ ಯಾರೂ ಹೋಗೋದು ಬೇಡ," ಎಂದ ಕಾಸಿಂ.

"ನಂಗೆ ಮಾತ್ರ ವಿಮಾನದಲ್ಲಿ ಎರಡು ಸೀಟು ಬೇಕಪ್ಪ," ಎಂದ ನಮ್ಮ ವಿಕೆಟ್ ಕೀಪರ್ ಕಾಂಪ್ಟನ್. ಆಳು ನೂರಿಪ್ಪತ್ತು ಕಿಲೋ.

"ನಿನ್ನನ್ನ ಸಾಮಾನಿನ ಜೊತೆ ಹಾಕಿಸ್ತೀನಿ ಬಿಡೋ. ಅಲ್ಲಾದ್ರೂ ಯಾವುದಾದ್ರೂ ಕ್ಯಾಚ್ ಹಿಡೀತೀಯೇನೋ ನೋಡೋಣ," ಎಂದ ಕಾಸಿಂ.

ಎಲ್ಲರೂ ನಕ್ಕರು. ಬಾಯ್ಸಿ ಒಬ್ಬ ನಗಲಿಲ್ಲ. ಮೀನು ಹಿಡಿಯುವ ಬಾಯ್ಸಿ ನಮ್ಮ ತಂಡದ ಮೊದಲ ಬ್ಯಾಟ್ಸ್‌ಮನ್, ನನ್ನ ಬಾಲ್ಯದ ಗೆಳೆಯ. ಸಭೆ ಮುಗಿದ ಮೇಲೆ ಕಡಲ ಒಡ್ಡಿನ ಮೇಲೆ ನನ್ನ ಜೊತೆ ನಡೆಯುತ್ತ ಬಂದ.

"ಸೆಕ್ರೆಟ್ರಿ, ರೂಪಣ್ಣಂಗೆ ಗಂಟಲಲ್ಲಿ ಕ್ಯಾನ್ಸರಂತೆ. ಅತ್ತಿಗೆ ಫೋನ್ ಮಾಡಿದ್ರು. ಮಾತು ನಿಂತುಹೋಗಿದೆ."

ರೂಪ್ ಅವನ ಒಡಹುಟ್ಟಿದ ಅಣ್ಣ. ನ್ಯೂಯಾರ್ಕಿಗೆ ಹೋಗಿ ಮೂವತ್ತೊಂದು ವರ್ಷ. ಅಷ್ಟು ವರ್ಷವೂ ಇಬ್ಬರ ನಡುವೆ ಒಂದು ಮಾತಿಲ್ಲ.

"ಬಾ ಅಂತ ಹೇಳಿ ಕಳಿಸಿದಾನೆ ಕಣೋ. ಮುಖ ನೋಡಿ ಒಂದು ಮಾತು ಹೇಳ್ಬೇಕು ನಾನು. ಬೇಕಂತ ಮಾಡ್ಲಿಲ್ಲ ಅಂತ. ಅಷ್ಟೇ. ನಂಗೆ ಆಟಗೀಟ ಬೇಡ, ಬಾಟ್ಲಿ ನೀರು ಹೊತ್ಕೊಂಡು ಬರ್ತೀನಿ ಬೇಕಾದ್ರೆ."

ಅವನು ಏನು ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಒಂದು ಫೈನಲ್ ಪಂದ್ಯ. ರೂಪ್ ತೊಂಬತ್ತಮೂರು ಓಟ ಹೊಡೆದಿದ್ದ. ಅವನನ್ನು ನೋಡಲೆಂದೇ ನಮ್ಮ ಬರ್ಬೀಸ್ ಜಿಲ್ಲೆಯ ತಂಡದ ಆಯ್ಕೆದಾರರು ಬಂದು ಕುಳಿತಿದ್ದರು. ಪಿಚ್ಚಿನ ಆ ತುದಿಯಲ್ಲಿ ಬ್ಯಾಟ್ ಹಿಡಿದು ನಿಂತಿದ್ದ ತಮ್ಮ ಬಾಯ್ಸಿ "ಬಾ" ಎಂದು ಕೂಗಿದ. ಅಣ್ಣ ಅರ್ಧ ದಾರಿ ಬಂದ ಮೇಲೆ "ಹೋಗು, ಹೋಗು" ಎಂದ. ರೂಪ್ ರನೌಟಾದ. ಆಯ್ಕೆದಾರರು ಎದ್ದು ಹೋದರು. ಬಾಯ್ಸಿ ಹೊಟ್ಟೆಕಿಚ್ಚಿನಿಂದ ಹಾಗೆ ಮಾಡಿದ ಎಂದು ರೂಪ್ ಎಲ್ಲರೆದುರು ಹೇಳಿದ, ಮರುವರ್ಷ ದೇಶವನ್ನೇ ಬಿಟ್ಟ. ಬಾಯ್ಸಿ ಅಂದಿನಿಂದ ಯಾವ ಪಂದ್ಯದಲ್ಲೂ ತಾನಾಗಿ ಓಟಕ್ಕೆ ಕರೆದವನಲ್ಲ. ಜೊತೆಗಾರ ಕರೆದರೆ ಓಡುತ್ತಾನೆ.

ಮರುದಿನವೇ ನಾನು ಪಟ್ಟಿ ಮಾಡಲು ಕುಳಿತೆ. ಪಂದ್ಯಾವಳಿಯ ಸಮಿತಿ ನಮ್ಮ ಹೆಸರುಗಳನ್ನು ಹಾಕಿ ಆಮಂತ್ರಣ ಪತ್ರ ಕಳಿಸುತ್ತದೆ. ಆ ಪತ್ರ ಹಿಡಿದು ವೀಸಾಕ್ಕಾಗಿ ಅಮೆರಿಕದ ಎಂಬಸಿಗೆ ಹೋಗಬೇಕು. ಇಲ್ಲೊಂದು ಪೇಚು. ನಮ್ಮಲ್ಲಿ ಪ್ರತಿಯೊಬ್ಬನಿಗೂ ಎರಡು ಹೆಸರು: ಕರೆಯುವುದೊಂದು, ಕಾಗದದ್ದೊಂದು. ಕಾಗದದ ಹೆಸರನ್ನು ಕೆಲವರ ಹೆಂಡತಿಯರೂ ಗಂಡನ ಸಾವಿನ ಸುದ್ದಿ ರೇಡಿಯೋದಲ್ಲಿ ಬಂದಾಗಲೇ ಕೇಳುವುದು. ಅದಕ್ಕೇ ಮನೆ ಮನೆಗೆ ಸೈಕಲ್ ತುಳಿದೆ, ಪಾಸ್‌ಪೋರ್ಟ್ ಬಿಡಿಸಿ ನೋಡಿ ಬರೆದುಕೊಂಡೆ. ಕಾಂಪ್ಟನ್ನನ ನಿಜವಾದ ಹೆಸರು ಆರ್ಚಿಬಾಲ್ಡ್ ಎಂದು ಗೊತ್ತಾಗಿ ವಾರವಿಡೀ ಅವನನ್ನು ಗೋಳುಹೊಯ್ದುಕೊಂಡೆವು.

ಹನ್ನೊಂದು ಮನೆಗೆ ಹೋದೆ. ಬಾಯ್ಸಿಯ ಮನೆಗೆ ಹೋಗಲಿಲ್ಲ. ಅವನದನ್ನು ಕೇಳುವುದೇನು? ಒಂದೇ ತಟ್ಟೆಯಲ್ಲಿ ಉಂಡವರು ನಾವು. ತೇಜ್‌ನರೈನ್ ಎಂದು ಗೊತ್ತು, ಅಪ್ಪ ಬಿಸ್ರಾಮ್, ಅಣ್ಣ ರೂಪ್‌ನರೈನ್ ಬಿಸ್ರಾಮ್. ಹಾಗಾಗಿ ಕಣ್ಣು ಮುಚ್ಚಿಕೊಂಡು ಬರೆದೆ: ತೇಜ್‌ನರೈನ್ ಬಿಸ್ರಾಮ್.

ಎಂಬಸಿಯ ದಿನ ನಸುಕಿನಲ್ಲೇ ವ್ಯಾನು ಹತ್ತಿ ರಾಜಧಾನಿಗೆ ಹೋದೆವು. ಒಬ್ಬೊಬ್ಬರನ್ನೇ ಗಾಜಿನ ಕಿಟಕಿಗೆ ಕರೆದರು. ಕಾಂಪ್ಟನ್ ಅಲ್ಲಿ ಏನು ಹಾಡಿದನೋ, ನಗುನಗುತ್ತ ಬಂದ. ಕಾಸಿಮನಿಗೆ ವೀಸಾ ಸಿಕ್ಕಿತು, ನನಗೆ ಸಿಕ್ಕಿತು. ಬಾಯ್ಸಿ ಹೊರಗೆ ಬಂದಾಗ ಕೈಯಲ್ಲೊಂದು ಮಡಿಸಿದ ಕಾಗದವಿತ್ತು.

"ತಂಡದ ಪಟ್ಟೀಲಿ ನಿನ್ನ ಹೆಸ್ರೇ ಇಲ್ಲ ಅಂದ್ಲು ಆ ಹುಡುಗಿ. ಅಲ್ಲಿ ಅಣ್ಣ ಇದಾನೆ ಅಂದೆ. ಅಣ್ಣ ಬಿಸ್ರಾಮ್, ನೀನು ಸುಕ್ದೇವ್, ಅದ್ಹೇಗೆ ಅಣ್ಣ ಆಗ್ತಾನೆ ಅಂದ್ಲು. ವೀಸಾ ಕೊಡ್ಲಿಲ್ಲ."

"ಸುಕ್ದೇವ್ ಯಾರೋ?" ಎಂದೆ.

"ನಾನೇ ಕಣೋ."

ಅವನ ಅಪ್ಪ ಅಮ್ಮನದು ಬಿದಿರಿನ ಚಪ್ಪರದ ಮದುವೆ. ಪಂಡಿತ ಮಾಡಿಸಿದ್ದು, ಸರ್ಕಾರದ ಪುಸ್ತಕದಲ್ಲಿಲ್ಲ. ರೂಪ್ ಹುಟ್ಟಿದಾಗ ಅಪ್ಪನೇ ಜನನ ನೋಂದಣಿ ಕಚೇರಿಗೆ ಹೋಗಿ ತನ್ನ ಹೆಸರು ಬರೆಸಿದ. ಬಾಯ್ಸಿ ಹುಟ್ಟಿದಾಗ ಅಪ್ಪ ಕಬ್ಬಿನ ಕೆಲಸದಲ್ಲಿದ್ದನಂತೆ, ಅಜ್ಜಿ ಹೋದಳು. ಮದುವೆಯ ಕಾಗದ ಎಲ್ಲಿ ಎಂದು ಗುಮಾಸ್ತ ಕೇಳಿದ. ಇಲ್ಲ ಎಂದಾಗ ತಾಯಿಯ ಕಡೆಯ ಹೆಸರು ಹಾಕಿ ಕಳಿಸಿದ. ಇಂಥದ್ದು ನಮ್ಮೂರಲ್ಲಿ ಹತ್ತಾರು ಮನೆಗಳಲ್ಲಿದೆ. ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ವ್ಯಾನು ಹತ್ತಿ ಊರಿನ ಕಡೆ ಹೊರಟೆವು. ತಪ್ಪು ತಿದ್ದಿ ಹೊಸ ಪತ್ರ ತರಿಸಬಹುದಿತ್ತು. ಆದರೆ ಎಂಬಸಿಯಲ್ಲಿ ಮುಂದಿನ ಸರದಿ ಐದು ತಿಂಗಳಾಚೆಗೆ. ಕಾಸಿಂ ಕೊನೆಗೆ ಹೇಳಿದ: "ಮಾತು ಅಂದ್ರೆ ಮಾತು. ಯಾರೂ ಹೋಗೋದು ಬೇಡ."

ಬಾಯ್ಸಿ ಸಿಟ್ಟಿನಿಂದ ತಿರುಗಿದ. "ಏನ್ ಕಪ್ತಾನ, ನೀವೆಲ್ಲ ಇಲ್ಲೇ ಕೂತ್ರೆ ನನ್ನಣ್ಣ ಎದ್ದು ಕೂತ್ಕೋತಾನಾ? ಹೋಗಿ. ಸೆಕ್ರೆಟ್ರಿ, ನೀನು ಹೋಗಿ ಅವನ ಮುಂದೆ ನಿಂತ್ಕೋ. ಹೇಳು. ನೀನೂ ಅವತ್ತು ಮೈದಾನದಲ್ಲಿದ್ದೆ."

ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಫೋನು ಮಾಡಿ, ಅಣ್ಣನ ಕಿವಿಗೆ ಹಿಡಿಯಿರಿ ಎಂದು ಅತ್ತಿಗೆಗೆ ಹೇಳಿ, ಹತ್ತು ನಿಮಿಷ ತಾನೊಬ್ಬನೇ ಮಾತಾಡಿದ. ಆ ಕಡೆಯಿಂದ ಉಸಿರಿನ ಸದ್ದಷ್ಟೇ. ಹೊರಡುವ ದಿನ ನನ್ನ ಕೈಗೆ ಮಾವಿನ ಉಪ್ಪಿನಕಾಯಿಯ ಸೀಸೆ ಕೊಟ್ಟ. "ತಿನ್ನೋಕಾಗಲ್ಲ, ಗೊತ್ತು. ಮೂಸಿ ನೋಡ್ಲಿ."

ನ್ಯೂಯಾರ್ಕಿನಲ್ಲಿ ಇಳಿದ ಸಂಜೆಯೇ ಆಸ್ಪತ್ರೆಗೆ ಹೋದೆ. ಆರಡಿಯ ರೂಪ್ ಹಾಸಿಗೆಯಲ್ಲಿ ಒಂದು ಹಿಡಿಯಾಗಿದ್ದ. ಕುತ್ತಿಗೆಯಲ್ಲಿ ಕೊಳವೆ, ಎದೆಯ ಮೇಲೊಂದು ಪುಸ್ತಕ, ಪೆನ್ನು. ಬರಲಾಗದು ಎಂದು ತಮ್ಮ ಫೋನಿನಲ್ಲಿ ಹೇಳಿದ್ದರೂ, ನನ್ನ ಹಿಂದೆ ಬಾಗಿಲ ಕಡೆ ನೋಡಿದ. ಯಾರೂ ಬರುವುದಿಲ್ಲ ಎಂದು ತಿಳಿಯುವವರೆಗೂ ನೋಡಿದ.

ನಾನು ಎಲ್ಲ ಹೇಳಿದೆ. ಅವನು ಬರೆದ: "ಹನ್ನೆರಡು ಜನಕ್ಕೆ ಸಿಕ್ಕಿತು. ಅವನೊಬ್ಬನಿಗೆ ಸಿಗಲಿಲ್ಲ. ನಾನೇನು ಮಗುವೇ?"

"ತಪ್ಪು ನಂದು ರೂಪಣ್ಣ. ಪಟ್ಟೀಲಿ ನಾನೇ ಹೆಸರು ತಪ್ಪು ಬರ್ದೆ." ಜೇಬಿನಿಂದ ಪಟ್ಟಿಯ ನಕಲು ತೆಗೆದು ತೋರಿಸಿದೆ. ಸಾಕ್ಷಿಗೆಂದೇ ತಂದಿದ್ದೆ.

ಅವನು ಅದನ್ನು ಕಣ್ಣ ಹತ್ತಿರ ಹಿಡಿದು ಓದಿದ. ಬೆರಳಿನಿಂದ ತಮ್ಮನ ಹೆಸರು ಮುಟ್ಟಿದ. ಆಮೇಲೆ ಬರೆದ: "ತೇಜ್‌ನರೈನ್ ಬಿಸ್ರಾಮ್. ಸರಿಯಾಗಿಯೇ ಇದೆಯಲ್ಲ. ನಾವು ಬಿಸ್ರಾಮನ ಮಕ್ಕಳು."

ತಮ್ಮನ ಕಾಗದದ ಹೆಸರು ಅಣ್ಣನಿಗೂ ಗೊತ್ತಿರಲಿಲ್ಲ. ಅಜ್ಜಿಯ ಕಥೆ ಹೇಳಿದೆ, ಆಣೆ ಇಟ್ಟೆ, ಕೈಮುಗಿದೆ. ನಾನು ಮಾತಾಡಿದಷ್ಟೂ ಅವನ ಮುಖ ಬಿಗಿಯಿತು. ಕೊನೆಯದಾಗಿ ಬರೆದ: "ನೀನು ಮೊದಲಿಂದಲೂ ಅವನ ಕಡೆ. ಅವತ್ತೂ ಬಾ ಎಂದು ಕರೆದು ತಾನು ಬರಲಿಲ್ಲ. ಇವತ್ತೂ ಅಷ್ಟೇ." ಪೆನ್ನು ಇಟ್ಟು ಗೋಡೆಯ ಕಡೆ ತಿರುಗಿದ. ಸೀಸೆಯ ಮುಚ್ಚಳವನ್ನು ನಾನು ತೆಗೆಯಲೇ ಇಲ್ಲ.

ಪಾಸ್‌ಪೋರ್ಟಿನ ಫೋಟೋ ಕಳಿಸು ಎಂದು ಬಾಯ್ಸಿಗೆ ಮೆಸೇಜ್ ಹಾಕಿದೆ. ಅವನು ಕಡಲಿನಲ್ಲಿದ್ದ. ಫೋಟೋ ಮರುದಿನ ಮಧ್ಯಾಹ್ನ ಬಂತು. ರೂಪನಿಗೆ ಬೆಳಗ್ಗೆಯೇ ಪ್ರಜ್ಞೆ ತಪ್ಪಿತ್ತು. ನಾನು ಫೋನನ್ನು ಅವನ ಮುಚ್ಚಿದ ಕಣ್ಣುಗಳ ಮುಂದೆ ಹಿಡಿದು ಹುಚ್ಚನಂತೆ ನಿಂತೆ. ಅತ್ತಿಗೆ ನನ್ನ ಕೈ ಹಿಡಿದು ಕೆಳಗಿಳಿಸಿದರು. ಮೂರನೆಯ ದಿನ ಅವನು ಹೋದ. ನಾವು ಎರಡು ಪಂದ್ಯ ಸೋತು, ಒಂದು ಗೆದ್ದು ಮರಳಿದೆವು.

ಬಾಯ್ಸಿ ಒಡ್ಡಿನ ಮೇಲೆ ಕಾಯುತ್ತಿದ್ದ. ಅಣ್ಣನಿಗಾಗಿ ತಲೆ ಬೋಳಿಸಿಕೊಂಡಿದ್ದ.

"ಹೇಳಿದ್ಯಾ?"

"ಹೇಳ್ದೆ."

"ಒಪ್ಕೊಂಡ್ನಾ?"

"ಹೂಂ," ಎಂದೆ. "ಕೋಪ ಇಲ್ಲ ಅಂದ."

"ಮಾತೇ ಬರ್ತಿರ್ಲಿಲ್ವಲ್ಲೋ."

"ಬರ್ದು ತೋರಿಸ್ದ."

ಅವನ ಮುಖ ಅರಳಿದ್ದನ್ನು ನೋಡಿ ನನಗೆ ಜೀವ ಬಂತು. ಮರುಗಳಿಗೆ ಅವನು ಕೈ ಚಾಚಿದ. "ಎಲ್ಲಿ, ಕೊಡು ಆ ಚೀಟಿ."

"ಆಸ್ಪತ್ರೆಯವರು ಎಸೆದ್ಬಿಟ್ರು ಕಣೋ."

ಅವನು ನೀರಿನ ಕಡೆ ತಿರುಗಿ ಕುಳಿತ. ನನ್ನ ಸುಳ್ಳು ಹಿಡಿದನೇನೋ ಎಂದುಕೊಂಡೆ. ಆದರೆ ಅವನು ಕೇಳಿದ್ದು ಬೇರೆ.

"ಅವನ ಮಾತು ಅಕ್ಷರ ಬಿಡದಂಗೆ ನೆನಪಿದ್ಯಾ ನಿಂಗೆ? ಹಾಗಾದ್ರೆ ಬರ್ಕೊಡು."

ಅಲ್ಲೇ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಬರೆದೆ. "ತಮ್ಮಾ, ನೀನು ಬೇಕೆಂದು ಮಾಡಲಿಲ್ಲ ಎಂದು ನನಗೆ ಗೊತ್ತು. ನನಗೆ ಕೋಪವಿಲ್ಲ." ಅಷ್ಟು ಬರೆಯಲು ನನಗೆ ಪಂದ್ಯದ ಅರ್ಧ ದಿನದಷ್ಟು ಹೊತ್ತು ಹಿಡಿಯಿತು. ಬಾಯ್ಸಿ ಓದಿದ, ಮತ್ತೆ ಓದಿದ, ಹೆಗಲ ಮೇಲಿನ ಟವಲಿನಲ್ಲಿ ಮುಖ ಮುಚ್ಚಿ ಅತ್ತ.

ಈಗ ಅದು ಅವನ ಮನೆಯ ದೇವರ ಮೂಲೆಯಲ್ಲಿದೆ, ಗಾಜು ಹಾಕಿಸಿದ್ದಾನೆ. ಬಂದವರಿಗೆಲ್ಲ ತೋರಿಸುತ್ತಾನೆ: "ನಮ್ಮಣ್ಣ ಸಾಯೋ ಮುಂಚೆ ಹೇಳಿದ್ದು. ಸೆಕ್ರೆಟ್ರೀನೇ ಕೇಳಿ, ಅವನೆದುರೇ ಆಗಿದ್ದು." ಬಂದವರು ನನ್ನ ಕಡೆ ತಿರುಗುತ್ತಾರೆ. ನಾನು ಹೌದೆಂದು ತಲೆಯಾಡಿಸುತ್ತೇನೆ.