ಫಿರಂಗಿಯ ದಿಂಬು

ಗಲ್ಫಿನ ನೈಫ್ ಪೇಟೆಯಲ್ಲಿ ಮೊಯ್ದಿನಬ್ಬನ ಟೈಲರಿಂಗ್ ಅಂಗಡಿ. ಅಲ್ಲಿ ಅಸೀಲಾಳ ಮಷಿನು ಇದ್ದದ್ದು ಹಿಂದುಗಡೆ, ಒಂದು ಪರದೆಯ ಆಚೆ. ಗಿರಾಕಿಗಳಿಗೆ ಅವಳು ಕಾಣುತ್ತಿರಲಿಲ್ಲ. ಅವಳಿಗೆ ಪರದೆಯ ಕೆಳಗಿನಿಂದ ಅವರ ಚಪ್ಪಲಿಗಳು ಕಾಣುತ್ತಿದ್ದವು. ಮೂರು ವರ್ಷದಲ್ಲಿ ಅವಳು ಚಪ್ಪಲಿ ನೋಡಿಯೇ ಯಾರು ಚೌಕಾಸಿ ಮಾಡುತ್ತಾರೆ, ಯಾರು ಬಟ್ಟೆ ಕೊಟ್ಟು ಮರೆತುಬಿಡುತ್ತಾರೆ ಎಂದು ಹೇಳಬಲ್ಲವಳಾಗಿದ್ದಳು. ಹೇಳುವುದಕ್ಕೆ ಮಾತ್ರ ಯಾರೂ ಇರಲಿಲ್ಲ. ಅಲ್ ನಹ್ದಾದ ಅವಳ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಭಾಷೆ, ನಾಲ್ಕು ಪಾಳಿ. ಉಳಿದ ಮೂವರು ಅವಳನ್ನು ಸಿಸ್ಟರ್ ಎನ್ನುತ್ತಿದ್ದರು. ಹೆಸರು ಕೇಳಿದವರಿಲ್ಲ.

ಈಗ ಆ ಪರದೆಯೂ ಹೋಗುವುದರಲ್ಲಿತ್ತು.

“ನನ್ನದು ಖಲಾಸ್ ಮಗಳೇ,” ಎಂದಿದ್ದ ಮೊಯ್ದಿನಬ್ಬ, ಮಂಡಿ ತಿಕ್ಕಿಕೊಳ್ಳುತ್ತಾ. “ಇನ್ನು ಹನ್ನೊಂದು ದಿನಕ್ಕೆ ಅಂಗಡಿಯ ಲೈಸೆನ್ಸ್ ಮುಗೀತದೆ. ಅಷ್ಟರೊಳಗೆ ನಿನಗೆ ಬೇರೆ ವೀಸಾ ಸಿಕ್ಕಿದರೆ ಆಯ್ತು. ಇಲ್ಲದಿದ್ದರೆ ಇಬ್ಬರೂ ಒಂದೇ ಫ್ಲೈಟಲ್ಲಿ ಹೋಗುವ.”

ಹೋಗುವುದೆಂದರೆ ಊರಿಗೆ, ಮಂಗಳೂರಿನ ಬೆಂಗ್ರೆಯಲ್ಲಿ ಅಣ್ಣನ ಮನೆಗೆ. ಹೊಲಿಗೆ ಮಷಿನು ಇಡಲು ಅಲ್ಲಿ ಜಾಗವಿಲ್ಲ ಎಂದು ಅತ್ತಿಗೆ ಮೊದಲೇ ಫೋನಿನಲ್ಲಿ ಹೇಳಿಯಾಗಿತ್ತು. ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟ ಅಸೀಲಾಳಿಗೆ ಸರಿಯಾಗಿ ಬರುತ್ತಿದ್ದ ಕೆಲಸ ಅದೊಂದೇ.

ಮೊಯ್ದಿನಬ್ಬ ಅವಳಿಗಾಗಿ ಅಲ್ಲಿ ಇಲ್ಲಿ ಹೇಳಿಟ್ಟಿದ್ದ. ಹಾಗೆ ಬಂದವನು ಮಾರ್ಸೆಲ್. ಮಂಗಳೂರಿನವನೇ. ಅಬುಧಾಬಿಯ ಮುಸಫ್ಫಾದಲ್ಲಿ ಹಳೆಯ ಹಡಗಿನ ಸಾಮಾನುಗಳನ್ನು ರಿಪೇರಿ ಮಾಡುವ ವರ್ಕ್‌ಶಾಪು ಅವನದು. ಕೈಯಲ್ಲಿದ್ದ ಚೀಲದಿಂದ ಉಬ್ಬಿದ, ಬಾಗಿದ, ಕೊಳೆಯಾದ ಒಂದು ಗಂಟನ್ನು ತೆಗೆದು ಮೇಜಿನ ಮೇಲಿಟ್ಟ.

“ಇದೆಂತದು? ಕತ್ತೆಯ ಬೆನ್ನಿಗೆ ಹಾಕುವುದಾ?” ಮೊಯ್ದಿನಬ್ಬ ಕೇಳಿದ.

“ಫಿರಂಗಿಯ ದಿಂಬು.”

“ಫಿರಂಗಿಗೆ ದಿಂಬು ಯಾಕೆ ಮಾರಾಯ? ಮಲಗ್ತದಾ ಅದು?”

ಮಾರ್ಸೆಲ್ ನಕ್ಕು ಕುರ್ಚಿ ಎಳೆದುಕೊಂಡ. ಕತೆ ಹೇಳುವುದೆಂದರೆ ಅವನಿಗೆ ಇಷ್ಟವೆಂದು ಅಸೀಲಾಳಿಗೆ ಅವನ ಬೂಟು ನೋಡಿಯೇ ತಿಳಿಯಿತು. ಹೋಗುವ ಅವಸರವಿಲ್ಲದೆ ಅದು ನೆಲದ ಮೇಲೆ ಚಪ್ಪಟೆಯಾಗಿ ಕೂತಿತ್ತು.

ನೂರಮೂವತ್ತು ವರ್ಷಗಳ ಹಿಂದೆ, ಎಂದ ಅವನು, ದೊಡ್ಡ ದೊಡ್ಡ ಯುದ್ಧ ಹಡಗುಗಳಿಗೆ ಹೆದರಿಕೆ ಹುಟ್ಟಿದ್ದು ಸಣ್ಣ ದೋಣಿಗಳಿಂದ. ಟಾರ್ಪೆಡೋ ಹೊತ್ತ ದೋಣಿ ಓಡಿ ಬಂದು ಹೊಡೆದು ಹೋಗುತ್ತಿತ್ತು. ದೊಡ್ಡ ತೋಪನ್ನು ತಿರುಗಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಅದಕ್ಕಾಗಿ ಈ ಹಗುರ ಫಿರಂಗಿ. ಒಂದೂವರೆ ಕಿಲೋದ ಗುಂಡು, ನಿಮಿಷಕ್ಕೆ ಇಪ್ಪತ್ತಕ್ಕೂ ಹೆಚ್ಚು. ಒಬ್ಬ ತುಂಬುತ್ತಾನೆ, ಒಬ್ಬ ಫಿರಂಗಿಯ ಹಿಂಬಾಗಿಲು ತೆರೆದು ಮುಚ್ಚುತ್ತಾನೆ. ಗುರಿ ಹಿಡಿಯುವವನು ಬಾಗಿದ ಕಬ್ಬಿಣಕ್ಕೆ ಭುಜ ಒತ್ತಿ ನಿಲ್ಲುತ್ತಾನೆ. ಹಡಗು ತೂಗಿದ ಹಾಗೆ ಅವನ ಮೈಯೂ ತೂಗಬೇಕು. ಆ ಭುಜಕ್ಕೆ ಈ ದಿಂಬು.

“ಮತ್ತೆ ದೋಣಿಗಳು ದೊಡ್ಡದಾದವು. ಇದರ ಗುಂಡು ಅವಕ್ಕೆ ಸೊಳ್ಳೆ ಕಚ್ಚಿದ ಹಾಗೆ. ಹಾಗಾಗಿ ಇದನ್ನು ಕಾವಲು ಹಡಗಿಗೆ ಹಾಕಿದರು, ಕಡೆಗೆ ಸಲಾಮು ಹೊಡೆಯಲಿಕ್ಕೆ ಇಟ್ಟರು. ಬರೀ ಶಬ್ದ. ನಮ್ಮದರ ಕಾಗದದಲ್ಲಿ ನಡುವೆ ನಲವತ್ತು ವರ್ಷ ಎಲ್ಲಿತ್ತು ಅಂತ ಇಲ್ಲವೇ ಇಲ್ಲ. ಆಮೇಲೆ ಗುಜರಿಯಲ್ಲಿ ಸಿಕ್ಕಿದ್ದು. ನಳಿಗೆ ಮುಚ್ಚಿ, ಪೊಲೀಸರ ಕಾಗದ ಎಲ್ಲ ಆಗಿದೆ. ಒಂದು ರೆಸಾರ್ಟಿನ ಬಾಗಿಲಲ್ಲಿ ನಿಲ್ಲಿಸ್ತಾರಂತೆ.”

ಅವನು ಒಂದು ಫೋಟೋ ಕೊಟ್ಟ. ಅದರಲ್ಲಿ ದಿಂಬು ತೆಳ್ಳಗೆ, ಕಪ್ಪಗೆ ಹೊಳೆಯುತ್ತಿತ್ತು. “ಹಳೇದನ್ನು ಬಿಸಾಡಿ, ಹೀಗೇ ಹೊಸತು ಮಾಡಬೇಕು. ಗುರುವಾರದೊಳಗೆ. ಸರಿ ಬಂದರೆ ವೀಸಾ ನಾನು ಮಾಡಿಸ್ತೇನೆ. ಯಾರು ಹೊಲಿಯುವುದು?”

ಪರದೆಯ ಹಿಂದಿನಿಂದ ಒಂದು ಕೈ ಬಂದು ಗಂಟನ್ನು ಒಳಗೆ ಎಳೆದುಕೊಂಡಿತು.

ಆ ಸಂಜೆ ಅಸೀಲಾ ಒಂದು ಅಂಚನ್ನು ಬಿಚ್ಚಿದಳು. ಹೊರಗಿನ ಖಾಕಿ ಕ್ಯಾನ್ವಾಸಿನ ಒಳಗೆ ತೆಂಗಿನ ನಾರು. ನಾರಿನ ಕೆಳಗೆ ಇನ್ನೊಂದು ಬಟ್ಟೆ, ನೀಲಿ, ಅದರೊಳಗೆ ಹತ್ತಿ. ಅದರ ಕೆಳಗೆ ಸೀಳಿದ ಕಪ್ಪು ಚರ್ಮ, ಚರ್ಮದೊಳಗೆ ಕುದುರೆ ಕೂದಲು. ಹಳೆಯದು ಹರಿದಾಗ ಯಾರೂ ಅದನ್ನು ಬಿಸಾಡಿರಲಿಲ್ಲ. ಅದರ ಮೇಲೆಯೇ ಹೊಲಿದಿದ್ದರು. ಅವಳು ಬಹಳ ಹೊತ್ತು ಕತ್ತರಿ ಹಿಡಿದು ಕೂತಳು. ಆಮೇಲೆ ಬಿಚ್ಚಿದ್ದ ಅಂಚನ್ನು ಮುಚ್ಚಿ, ಎಲ್ಲದರ ಮೇಲೆ ಹೊಸ ಕಪ್ಪು ಚರ್ಮವನ್ನು ಎಳೆದು ಹೊಲಿದಳು. ಬೇರೆ ರೀತಿ ಮಾಡಲು ಕೈ ಬರಲಿಲ್ಲ.

ಮಾರ್ಸೆಲ್‌ಗೆ ಹೇಳಬೇಕೆಂದು ಎರಡು ಸಲ ಫೋನು ಹಿಡಿದಳು. ಎರಡು ಸಲವೂ ಅವನು ಎತ್ತುವ ಮೊದಲೇ ಕಟ್ ಮಾಡಿದಳು.

ಗುರುವಾರ ಬೆಳಿಗ್ಗೆ ಅಬುಧಾಬಿ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಮುಸಫ್ಫಾಕ್ಕೆ ಹೋದಳು. ಫಿರಂಗಿ ಅವಳು ಎಣಿಸಿದ್ದಕ್ಕಿಂತ ಸಣ್ಣದಿತ್ತು. ವರ್ಕ್‌ಶಾಪಿನ ವೆಲ್ಡರ್ ಸಂಗಪ್ಪ ದಿಂಬನ್ನು ಕಬ್ಬಿಣದ ಮೇಲಿಟ್ಟು ಸ್ಕ್ರೂ ಹಾಕಲು ನೋಡಿದ. ಸ್ಕ್ರೂ ತೂತಿಗೆ ಮುಟ್ಟಲಿಲ್ಲ.

“ಸಾಹೇಬ್ರ, ಇದು ದಿಂಬಲ್ರೀ, ಬಸುರಿ ಆಗೇತಿ,” ಎಂದ ಸಂಗಪ್ಪ. “ಹೊಟ್ಯಾಗ ಏನ್ ತುಂಬೀಯವ್ವಾ ತಂಗಿ?”

ಮಾರ್ಸೆಲ್ ಬಂದು ಒತ್ತಿ ನೋಡಿದ. “ಹಳೇದು ಒಳಗೇ ಉಂಟಾ?”

ಅಸೀಲಾ ನೆಲ ನೋಡಿದಳು. ಮನೆಯಿಂದ ಬಸ್ಸಿನವರೆಗೆ, ಬಸ್ಸಿನಿಂದ ಇಲ್ಲಿಯವರೆಗೆ ಬಾಯಿಪಾಠ ಮಾಡಿಕೊಂಡಿದ್ದ ಮಾತು ಹೊರಗೆ ಬರುವಾಗ ತುಂಡು ತುಂಡಾಯಿತು. “ಮೂರು ಪದರ ಉಂಟು. ಮೂರು ಜನ ಹೊಲಿದದ್ದು. ಯಾರೂ ತೆಗೆದಿಲ್ಲ. ಮೇಲಿನದ್ದು ನಾರು. ತೆಂಗು ಇರುವ ಊರಲ್ಲಿ ಮಾಡಿದ್ದು.” ಇಷ್ಟು ಉದ್ದ ಅವಳು ಯಾರೊಂದಿಗೂ ಮಾತಾಡಿ ತಿಂಗಳುಗಳಾಗಿದ್ದವು.

ಮಾರ್ಸೆಲ್ ದಿಂಬಿನ ಮೇಲೆ ಮತ್ತೆ ಕೈಯಾಡಿಸಿದ. “ಕಾಗದದಲ್ಲಿ ಇಲ್ಲದ ಆ ನಲವತ್ತು ವರ್ಷ,” ಎಂದ. “ಮಂಗಳೂರಾ?”

“ಗೊತ್ತಿಲ್ಲ. ತೆಂಗು ಎಲ್ಲೆಲ್ಲಿಯೂ ಉಂಟಲ್ಲ.”

“ಸುಳ್ಳು ಹೇಳಿದ್ದರೆ ನಾನು ನಂಬ್ತಿದ್ದೆ,” ಎಂದು ಅವನು ನಕ್ಕ. ನಗು ಬೇಗ ಆರಿತು. “ಆದರೆ ಗಿರಾಕಿಗೆ ಫೋಟೋದಲ್ಲಿರುವ ಹಾಗೇ ಬೇಕು. ಬಿಚ್ಚಲೇಬೇಕು.”

“ನಾನು ಬಿಚ್ಚುವುದಿಲ್ಲ.”

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಇನ್ನು ಐದು ದಿನ ಉಳಿದಿತ್ತು.

“ಹೋಗಲಿ ಬಿಡು. ವೀಸಾದ ಕಾಗದ ಶುರು ಮಾಡಿಸ್ತೇನೆ. ನಿನ್ನ ಹಾಗೆ ಒಳಗೆ ಏನುಂಟು ಅಂತ ನೋಡುವವರು ನನಗೆ ಇಲ್ಲಿ ಯಾರೂ ಇಲ್ಲ,” ಎಂದ ಮಾರ್ಸೆಲ್. ಮೇಜಿನಿಂದ ಬ್ಲೇಡು ತೆಗೆದುಕೊಂಡ. “ಇದನ್ನು ಮಾತ್ರ ನಾನೇ ಬಿಚ್ಚುತ್ತೇನೆ.”

ಅವನು ಬ್ಲೇಡನ್ನು ಕೊಯ್ಯುವವನ ಹಾಗೆ ಹಿಡಿದಿದ್ದ. ಅಸೀಲಾ ನೋಡಿದಳು. ಬೇಕಾದದ್ದು ಸಿಕ್ಕಿತ್ತು, ಈಗ ಹೊರಗೆ ಹೋಗಿ ನೆರಳಲ್ಲಿ ನಿಂತರೆ ಮುಗಿಯುತ್ತಿತ್ತು. ಅವಳು ಕೈ ಚಾಚಿದಳು.

“ಕೊಡಿ ಇಲ್ಲಿ. ನೀವು ಹರಿದು ಹಾಕ್ತೀರಿ.”

ಒಂದೊಂದೇ ಹೊಲಿಗೆ ಬಿಚ್ಚುತ್ತಾ ಹೋದಳು. ತನ್ನದನ್ನು ಮೊದಲು. ಮಾರ್ಸೆಲ್ ಉದ್ದ ಮೇಜನ್ನು ಖಾಲಿ ಮಾಡಿಸಿ, ಪ್ರತಿ ಪದರವನ್ನೂ ಹರಡಿ ಫೋಟೋ ತೆಗೆದು, ಚೀಟಿಯಲ್ಲಿ ನಂಬರ್ ಬರೆದಿಟ್ಟ. ಗಿರಾಕಿಗೆ ಬೇಡದಿದ್ದರೆ ಇದೆಲ್ಲ ತನ್ನ ಫೈಲಿಗಾಯಿತು ಎಂದ. ಸಂಗಪ್ಪ ಊಟಕ್ಕೆ ಕರೆದ, ಅವಳು ತಲೆಯಾಡಿಸಿದಳು. ಅವನು ಎರಡು ರೊಟ್ಟಿಯನ್ನು ಪೇಪರಿನಲ್ಲಿ ಮಡಚಿ ಮೇಜಿನ ತುದಿಗಿಟ್ಟು ಹೋದ.

ಖಾಕಿ ಪದರ ಪೂರ್ತಿ ಕೈಗೆ ಬಂದಾಗ ಅವಳು ಅದನ್ನು ಬಾಗಿಲ ಬೆಳಕಿಗೆ ಹಿಡಿದಳು. ಮಾರ್ಸೆಲ್ ಪೆನ್ನು ತೆರೆದು ಕಾದ. “ಇದರವನ ಬಗ್ಗೆ ಎಂತ ಬರೆಯುವ? ಹೆಸರು ಇಲ್ಲ.”

“ಎಡಗೈಯವನು,” ಎಂದಳು ಅಸೀಲಾ.

“ಹಾಂ?”

“ಹೊಲಿಗೆಯ ಟಾಕು ಆ ಕಡೆಗೆ ವಾಲಿದೆ ನೋಡಿ. ನಾವು ಹೊಲಿದರೆ ಈ ಕಡೆಗೆ. ನೂಲು ಸಾಲದೆ ಮೂರು ಸಲ ಬೇರೆ ನೂಲು ಸೇರಿಸಿದ್ದಾನೆ. ಅವಸರ ಇರಲಿಲ್ಲ ಅವನಿಗೆ.” ಸ್ವಲ್ಪ ತಡೆದು ಹೇಳಿದಳು, “ಹತ್ತಿರ ಯಾರೂ ಇರಲಿಲ್ಲ.”

“ಅದು ಹೇಗೆ ಗೊತ್ತು ಮಾರಾಯ್ತಿ?”

“ಇಬ್ಬರಿದ್ದರೆ ಒಬ್ಬರು ಹಿಡಿದುಕೊಳ್ತಾರೆ, ಒಬ್ಬರು ಹೊಲೀತಾರೆ. ಆಗ ಬಟ್ಟೆ ಹೀಗೆ ಸೊಟ್ಟ ಹೋಗುವುದಿಲ್ಲ. ಇವನು ಮೊಣಕಾಲಿನ ನಡುವೆ ಇಟ್ಟುಕೊಂಡು ಹೊಲಿದದ್ದು. ನಾನೂ ಹಾಗೇ ಮಾಡುವುದು.”

ಮಾರ್ಸೆಲ್ ಅದನ್ನೂ ಚೀಟಿಯಲ್ಲಿ ಬರೆದುಕೊಂಡ. ಬರೆದು ಮುಗಿಯುವವರೆಗೆ ಕಾದು, ಅಸೀಲಾ ನೀಲಿ ಬಟ್ಟೆಯ ಮೊದಲ ನೂಲಿಗೆ ಉಗುರು ಹಾಕಿದಳು.