“ಚಿಂತೆ ಬೇಡ” ಎಂದ ಸಾಲು

ನಾನು ಒಂದು ಸಾಲು. ಕಾಗದದ ಮೇಲಿನ ಸಾಲಲ್ಲ, ಕಂಪ್ಯೂಟರಿನ ಪರದೆಯ ಮೇಲೆ ಮೂಡಿ, ಮೇಲಕ್ಕೆ ಸರಿದು ಕಾಣೆಯಾಗುವ ಸಾಲು. ಯಂತ್ರಗಳು ತಾವು ಮಾಡಿದ ಕೆಲಸದ ವರದಿಯನ್ನು ಮನುಷ್ಯರಿಗೆ ಒಪ್ಪಿಸುತ್ತವಲ್ಲ, ಅದಕ್ಕೆ ಲಾಗ್ ಎನ್ನುತ್ತಾರೆ. ಆ ಲಾಗ್‌ನಲ್ಲಿ ನನ್ನ ಪಾಲಿಗೆ ಬಂದದ್ದು ಇಷ್ಟೇ ಮಾತು: “ಎಚ್ಚರಿಕೆ ಗಂಟೆ ಚಾಲೂ ಆಗಿದೆ. ಚಿಂತೆ ಬೇಡ.” ಇದನ್ನು ಬಿಟ್ಟು ಬೇರೆ ಏನನ್ನೂ ಹೇಳಲು ನನಗೆ ಬರುವುದಿಲ್ಲ.

ನನ್ನನ್ನು ಬರೆದವಳು ಶಕುಂತಲಾ ಗುಡಗೇರಿ. ಹುಬ್ಬಳ್ಳಿಯಲ್ಲಿ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಸುತ್ತಲಿನ ಹನ್ನೊಂದು ಊರುಗಳ ರಕ್ತನಿಧಿಗಳ ಕಂಪ್ಯೂಟರುಗಳನ್ನು ಅಲ್ಲಿಂದಲೇ ನೋಡಿಕೊಳ್ಳುತ್ತಿದ್ದರು. ರಕ್ತದ ಚೀಲಗಳನ್ನಿಡುವ ಫ್ರಿಜ್ ಬೆಚ್ಚಗಾದರೆ ಗಂಟೆ ಬಾರಿಸುವ ಪ್ರೋಗ್ರಾಂ ಒಂದು ಪ್ರತಿ ಯಂತ್ರದಲ್ಲೂ ಇತ್ತು. ಆದರೆ ಆ ಗಂಟೆ ಆಗಾಗ ತಾನಾಗಿಯೇ ನಿಂತುಬಿಡುತ್ತಿತ್ತು. ಹನ್ನೊಂದು ಊರಿಗೆ ಬಸ್ಸು ಹತ್ತಿ ಇಳಿದು ಅದನ್ನು ಎಬ್ಬಿಸುವುದು ಯಾರಿಂದಾದೀತು? ಅದಕ್ಕೇ ಶಕುಂತಲಾ ಒಂದು ಪಟ್ಟಿ ಬರೆದಳು. ಸೆಟ್ಟಿಂಗ್ ಸರಿಯಿದೆಯೇ ನೋಡು, ಇಲ್ಲದಿದ್ದರೆ ಸರಿಮಾಡು, ಗಂಟೆ ನಿಂತಿದ್ದರೆ ಶುರುಮಾಡು. ಅರ್ಧ ಗಂಟೆಗೊಮ್ಮೆ ಪ್ರತಿ ಯಂತ್ರವೂ ಆ ಪಟ್ಟಿ ಹಿಡಿದು ತನ್ನನ್ನು ತಾನೇ ಸರಿಪಡಿಸಿಕೊಳ್ಳಬೇಕು ಎಂಬುದು ಏರ್ಪಾಡು.

ಪಟ್ಟಿಯ ಕೊನೆಗೆ, ಊಟದ ಡಬ್ಬಿ ಬಿಚ್ಚುವ ಮೊದಲು, ಅವಸರದಲ್ಲಿ ನನ್ನನ್ನು ಸೇರಿಸಿದಳು. ಮೊದಲು “ಗಂಟೆ ಚಾಲೂ ಆಗಿದೆ” ಎಂದಷ್ಟೇ ಇತ್ತು. ಫ್ರಿಜ್ಜಿನ ಪಕ್ಕದ ಸಣ್ಣ ಪರದೆಯ ಮೇಲೂ ನಾನು ಕಾಣುತ್ತೇನೆಂದು ನೆನಪಾಗಿ, ಅಲ್ಲಿ ದುಡಿಯುವವರಿಗೆ ಧೈರ್ಯವಾಗಲಿ ಎಂದು “ಚಿಂತೆ ಬೇಡ” ಎಂಬುದನ್ನೂ ಬರೆದಳು. ಒಂದು ಯಂತ್ರದಲ್ಲಿ ಓಡಿಸಿ ನೋಡಿದಳು. ನಾನು ಮೂಡಿದೆ. ಅವಳ ಮುಖ ಅರಳಿತು. ಒಳ್ಳೆಯ ಮನಸ್ಸಿನಿಂದ ಹುಟ್ಟಿದವನು ನಾನು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಮೊದಲ ದಿನವೇ ನನಗೆ ಹೆದರಿಕೆ ಹತ್ತಿಕೊಂಡಿತು. ಏಕೆಂದರೆ ಯಂತ್ರ ಆ ಪಟ್ಟಿಯನ್ನು ಎರಡು ಸುತ್ತು ಹಾಯುತ್ತದೆ. ಮೊದಲ ಸುತ್ತಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಬರೀ ಓದುತ್ತದೆ. ಎರಡನೇ ಸುತ್ತಿನಲ್ಲಿ ಕೆಲಸ ಮಾಡುತ್ತದೆ. ಸಾಲನ್ನು ಬರೆಯಲು ಎರಡು ರೀತಿಗಳಿವೆ. ಒಂದು ರೀತಿಯಲ್ಲಿ ಬರೆದರೆ ಅದು ಕೆಲಸದ ಸುತ್ತಿನಲ್ಲಿ ಮಾತಾಡುತ್ತದೆ, ಇನ್ನೊಂದರಲ್ಲಿ ಓದುವ ಸುತ್ತಿನಲ್ಲೇ ಬಾಯಿ ಬಿಡುತ್ತದೆ. ನೋಡಲು ಎರಡೂ ಅಕ್ಕತಂಗಿಯರ ಹಾಗೆ. ಶಕುಂತಲಾ ನನ್ನನ್ನು ಎರಡನೇ ರೀತಿಯಲ್ಲಿ ಬರೆದಿದ್ದಳು. ಅಡುಗೆ ಪುಸ್ತಕ ಓದುತ್ತಿರುವಾಗಲೇ ಊಟಕ್ಕೆ ಬನ್ನಿ ಎಂದು ಕೂಗಿದ ಹಾಗಾಯಿತು ನನ್ನ ಕಥೆ. ಗಂಟೆಯನ್ನು ಯಾರೂ ಇನ್ನೂ ಮುಟ್ಟಿಯೇ ಇರಲಿಲ್ಲ, ನಾನಾಗಲೇ ಚಾಲೂ ಆಗಿದೆ ಎಂದು ಸಾರಿಬಿಟ್ಟಿದ್ದೆ.

ಪುಣ್ಯಕ್ಕೆ ಅವತ್ತು ಗಂಟೆ ನಿಜವಾಗಿಯೂ ಶುರುವಾಯಿತು. ಮರುದಿನವೂ ಆಯಿತು. ನಾಲ್ಕು ವರ್ಷ ಹೀಗೇ ನಡೆಯಿತು. ನಾನು ಹೇಳುವುದು, ಆಮೇಲೆ ಅದು ನಿಜವಾಗುವುದು. ಆ ನಡುವಿನ ಎರಡು ಕ್ಷಣ ನಾನು ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಿದ್ದೆ. ಈ ಸಲ ಆಗದಿದ್ದರೆ? ಕೂಗಿ ಹೇಳೋಣವೆಂದರೆ ಇರುವುದು ಒಂದೇ ಮಾತು, ಅದೂ ಚಿಂತೆ ಬೇಡ ಎನ್ನುವ ಮಾತು. ಹೆದರಿದವನ ಬಾಯಲ್ಲಿ ಇಂಥ ಮಾತು ಇಟ್ಟವಳಿಗೆ ಏನನ್ನೋಣ!

ಶಕುಂತಲಾಗೆ ಬೇರೆ ವಿಭಾಗಕ್ಕೆ ವರ್ಗವಾಯಿತು. ನಾನು ಇರ್ಫಾನ್ ಮುಲ್ಲಾ ಎಂಬ ಹೊಸ ಎಂಜಿನಿಯರನ ಕೈಗೆ ಬಂದೆ. ಒಪ್ಪಿಸುವ ದಿನ ಅವಳು ನನ್ನನ್ನು ಬೆರಳು ಮಾಡಿ ತೋರಿಸಿದಳು.

“ಉಳಿದದ್ದೆಲ್ಲಾ ಓದಕೋತ ಕೂತ್ರ ಹುಚ್ಚ ಹಿಡೀತದ. ಮುಂಜಾನೆ ಹತ್ತಕ್ಕ ಈ ಒಂದು ಸಾಲು ಹುಡುಕು. ಹನ್ನೊಂದು ಬಂದಿದ್ರ ಮುಗೀತು, ಚಹಾ ಕುಡಿ.”

“ಇಷ್ಟ ಸಾಕೇನ್ರಿ ಮೇಡಂ?”

“ಸಾಕು. ನಾಲ್ಕು ವರ್ಷ ನಾನೂ ಹಿಂಗ ಮಾಡೀನಿ.”

ಇರ್ಫಾನ್ ಅಚ್ಚುಕಟ್ಟಿನ ಮನುಷ್ಯ. ದಿನವೂ ಹತ್ತಕ್ಕೆ ಸರಿಯಾಗಿ ನನ್ನನ್ನು ಹುಡುಕುತ್ತಿದ್ದ, ಹನ್ನೊಂದು ಎಣಿಸುತ್ತಿದ್ದ, ಗೋಡೆಯ ಬಿಳಿ ಹಲಗೆಯ ಮೇಲೆ “ಸರಿ” ಎಂದು ಬರೆಯುತ್ತಿದ್ದ. ನನ್ನ ಹಿಂದೆಮುಂದೆ ನೂರಾರು ಸಾಲುಗಳಿರುತ್ತಿದ್ದವು. ಅವುಗಳಲ್ಲಿ ಒಂದನ್ನೂ ಅವನು ಓದುತ್ತಿರಲಿಲ್ಲ. ಅವನ ಹುಡುಕಾಟದ ಜರಡಿಯಲ್ಲಿ ಉಳಿಯುತ್ತಿದ್ದವನು ನಾನೊಬ್ಬನೇ. ಅಷ್ಟು ನಂಬಿಕೆಯನ್ನು ಕಂಡು ನನ್ನ ಹೆದರಿಕೆ ಇನ್ನೂ ಹೆಚ್ಚಿತು.

ಎಂಟನೇ ಯಂತ್ರವಿದ್ದದ್ದು ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ. ಅಲ್ಲಿಯ ರಕ್ತನಿಧಿಯನ್ನು ನೋಡಿಕೊಳ್ಳುತ್ತಿದ್ದವಳು ನೀಲವ್ವ ಹಡಪದ, ಇಪ್ಪತ್ತೆರಡು ವರ್ಷದ ಅನುಭವದ ಟೆಕ್ನಿಶಿಯನ್. ಆ ವಾರ ಅವಳ ಫ್ರಿಜ್ಜಿನಲ್ಲಿ ಬಹಳ ಅಪರೂಪದ ಗುಂಪಿನ ರಕ್ತದ ಎರಡು ಚೀಲಗಳಿದ್ದವು. ಶಿವಲೀಲಾ ಎಂಬ ಅಂಗನವಾಡಿ ಕಾರ್ಯಕರ್ತೆಗೆ ಗುರುವಾರ ಸಿಸೇರಿಯನ್ ಆಗಬೇಕಿತ್ತು. ಅವಳಿಗೆ ಆ ಗುಂಪಿನ ರಕ್ತವೇ ಆಗಬೇಕು, ಬೇರೆಯದು ಕೊಟ್ಟರೆ ಜೀವಕ್ಕೇ ಕುತ್ತು. ರಕ್ತವಿಲ್ಲದೆ ಚಾಕು ಮುಟ್ಟುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ನೀಲವ್ವ ಹತ್ತಾರು ಕಡೆ ಫೋನು ಮಾಡಿ ಆ ಎರಡು ಚೀಲಗಳನ್ನು ಕೂಡಿಸಿದ್ದಳು.

ಸೋಮವಾರ ಎಂಟನೇ ಯಂತ್ರದ ಡಿಸ್ಕ್ ತುಂಬಿಹೋಯಿತು. ಯಾವುದರಿಂದ ಗೊತ್ತೇ? ನಮ್ಮಿಂದಲೇ. ಅರ್ಧ ಗಂಟೆಗೊಮ್ಮೆ ಬರೆಸಿಕೊಂಡ ಸಾಲುಗಳು, ಯಾರೂ ಗುಡಿಸಿ ಹಾಕದೆ, ವರ್ಷಗಟ್ಟಲೆ ಗುಡ್ಡೆಬಿದ್ದು ಕೊನೆಯ ಜಾಗವನ್ನೂ ನುಂಗಿದ್ದವು. ಗಂಟೆಯ ಪ್ರೋಗ್ರಾಂಗೆ ತನ್ನ ಒಂದು ಪುಟ್ಟ ಕಡತ ಇಡಲೂ ಜಾಗ ಸಿಗದೆ ಅದು ನಿಂತಿತು. ಮುಂದಿನ ಸುತ್ತಿನಲ್ಲಿ ನಾನು ಎಂದಿನಂತೆ ಮೊದಲೇ ಹೇಳಿದೆ: ಎಚ್ಚರಿಕೆ ಗಂಟೆ ಚಾಲೂ ಆಗಿದೆ. ಆಮೇಲೆ ಯಂತ್ರ ಗಂಟೆಯನ್ನು ಎಬ್ಬಿಸಲು ನೋಡಿತು. ಅದು ಏಳಲಿಲ್ಲ. ನನ್ನ ಕೆಳಗೆ ಉದ್ದನೆಯ ಕೆಂಪು ಸಾಲೊಂದು ಮೂಡಿತು, ಜಾಗವಿಲ್ಲ, ಶುರುವಾಗಲಿಲ್ಲ ಎಂದು. ನನಗೆ ಕೈಕಾಲು ಇದ್ದಿದ್ದರೆ ತಣ್ಣಗಾಗುತ್ತಿದ್ದವು.

ಬರೆದಿಡಲು ಅಲ್ಲಿ ಜಾಗವಿಲ್ಲದಿದ್ದರೂ ನಾವಿಬ್ಬರೂ ನೇರವಾಗಿ ಹುಬ್ಬಳ್ಳಿಯ ದೊಡ್ಡ ಕಂಪ್ಯೂಟರಿಗೆ ಹೋದೆವು. ಇರ್ಫಾನ್ ಹತ್ತಕ್ಕೆ ನನ್ನನ್ನು ಹುಡುಕಿದ. ಹನ್ನೊಂದು ಬಂದಿತ್ತು. ಕೆಂಪು ಸಾಲು ಅವನ ಜರಡಿಯಿಂದ ಕೆಳಗೆ ಬಿತ್ತು. ಹಲಗೆಯ ಮೇಲೆ “ಸರಿ” ಎಂದು ಬಿತ್ತು. ಮಂಗಳವಾರ ಹಾಗೇ ಆಯಿತು, ಬುಧವಾರವೂ ಅಷ್ಟೇ. ದಿನಕ್ಕೆ ನಲವತ್ತೆಂಟು ಸಲ ನಾನು ಸುಳ್ಳು ಹೇಳುತ್ತಿದ್ದೆ, ಪ್ರತಿ ಸಲವೂ ಫ್ರಿಜ್ಜಿನ ಒಳಗಿನ ಆ ಎರಡು ಚೀಲಗಳನ್ನು ನೆನೆದು ಸಾಯುತ್ತಿದ್ದೆ.

ಬುಧವಾರ ಮಧ್ಯಾಹ್ನ ಕರೆಂಟು ಹೋಯಿತು. ಜನರೇಟರು ಶುರುವಾದಾಗ ಕರೆಂಟು ಒಮ್ಮೆಲೇ ನುಗ್ಗಿದ ಏಟಿಗೆ ಫ್ರಿಜ್ಜಿನ ಸ್ವಿಚ್ ಮಾತ್ರ ತಾನಾಗಿಯೇ ಆಫ್ ಆಯಿತು. ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಫ್ರಿಜ್ ಸುಮ್ಮನಿತ್ತು. ನೀಲವ್ವ ರಕ್ತದಾನದ ಶಿಬಿರಕ್ಕೆ ಹೋಗಿದ್ದಳು. ಆರು ಡಿಗ್ರಿ ದಾಟಿದಾಗ ಬಾರಿಸಬೇಕಾದ ಗಂಟೆ ಬಾರಿಸಲಿಲ್ಲ. ಫ್ರಿಜ್ಜಿನ ಪಕ್ಕದ ಸಣ್ಣ ಪರದೆಗೆ ಕೆಂಪು ಸಾಲು ಬರುವ ಏರ್ಪಾಡಿರಲಿಲ್ಲ, ನಾನು ಮಾತ್ರ ಅದರ ಮೇಲೆ ಹಸಿರು ಬಣ್ಣದಲ್ಲಿ ಮೂಡುತ್ತಲೇ ಇದ್ದೆ.

ಮೂರೂವರೆಗೆ ಅವಳು ಬಂದಳು. ಎದುರಿಗೇ ನಾನಿದ್ದೆ. ನೋಡಿದಳು, ಕುರ್ಚಿ ಎಳೆದುಕೊಂಡು ಕೂತಳು. ಹತ್ತು ನಿಮಿಷದ ಮೇಲೆ ಏನೋ ಅನುಮಾನ ಬಂದಂತೆ ತಲೆ ಎತ್ತಿದಳು. ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಇರಲಿಲ್ಲ. ಬಾಗಿಲು ಮುಟ್ಟಿದಳು, ಮತ್ತೆ ನನ್ನತ್ತ ನೋಡಿದಳು, ಫೋನು ಎತ್ತಿಕೊಂಡಳು.

“ಇರ್ಫಾನ್ ಸರ, ನಮ್ಮ ಗಂಟಿ ಚಾಲೂ ಐತೇನ್ರಿ?”

“ತಡೀರಿ ನೋಡ್ತೀನಿ... ಐತ್ರಿ ಅಕ್ಕಾರ. ಹನ್ನೊಂದೂ ಬಂದಾವು, ನಿಮ್ದೂ ಬಂದೈತಿ.”

“ಮತ್ತ ಫ್ರಿಜ್ ಸಪ್ಪಳನ ಇಲ್ಲಲ್ರಿ!”

“ಬೆಚ್ಚಗಾಗಿದ್ರ ಗಂಟಿ ಹೊಡೀತಿತ್ತಲ್ರಿ. ಸುಮ್ನ ಗಾಬರಿ ಆಗಬ್ಯಾಡ್ರಿ.”

ನೀಲವ್ವ ಫೋನು ಹಿಡಿದುಕೊಂಡೇ ಬಾಗಿಲು ತೆರೆದು ಥರ್ಮಾಮೀಟರ್ ನೋಡಿದಳು. ಹನ್ನೊಂದು ಡಿಗ್ರಿ. ಎಷ್ಟು ಹೊತ್ತಿನಿಂದ ಎಂದು ಹೇಳುವವರು ಯಾರೂ ಇರಲಿಲ್ಲ. ಹಾಗೆ ಬೆಚ್ಚಗಾದ ರಕ್ತವನ್ನು ಯಾರಿಗೂ ಕೊಡುವಂತಿಲ್ಲ. ಎರಡು ಚೀಲಗಳನ್ನೂ ಅವಳು ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಅಷ್ಟರಲ್ಲಿ ಹೆರಿಗೆ ವಾರ್ಡಿನ ನರ್ಸ್ ಓಡಿ ಬಂದು, ಶಿವಲೀಲಾಗೆ ಈಗಲೇ ನೋವು ಶುರುವಾಗಿದೆ, ನಾಳೆಯವರೆಗೆ ಕಾಯಲಾಗದು, ರಕ್ತ ಕೊಡು ಎಂದಳು.

ಅದೇ ಹೊತ್ತಿಗೆ ನನ್ನ ಸರದಿ ಬಂತು. ಎಚ್ಚರಿಕೆ ಗಂಟೆ ಚಾಲೂ ಆಗಿದೆ. ಚಿಂತೆ ಬೇಡ.

ನೀಲವ್ವ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. “ಮುಚ್ಚು ಬಾಯಿ!” ಎಂದು ಕಿರುಚಿದಳು. ಗಾಯಕ್ಕೆ ಅಂಟಿಸುವ ಬಿಳಿ ಟೇಪು ಹರಿದು ಪರದೆಯ ಅಡ್ಡಡ್ಡ ನಾಲ್ಕು ಪಟ್ಟಿ ಹಚ್ಚಿದಳು. ಆಮೇಲೆ ನನಗೆ ಏನೂ ಕಾಣಲಿಲ್ಲ, ಕೇಳಿಸಿತು ಅಷ್ಟೇ. ಬೆಳಗಾವಿಯಲ್ಲಿ ಆ ಗುಂಪಿನ ರಕ್ತದ ಒಬ್ಬ ಬಡಿಗನಿದ್ದಾನೆಂದು ಫೋನು ಮಾಡಿದ್ದು, ಅವನು ಮಾಡುತ್ತಿದ್ದ ಕೆಲಸ ಬಿಟ್ಟು ಕಾರು ಹತ್ತಿದ್ದು, ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿದ್ದು. ಶಿವಲೀಲಾಳ ನರಳಾಟ ಗೋಡೆಯಾಚೆಯಿಂದ ಬರುತ್ತಿತ್ತು. ಅವಳ ತಾಯಿ ಮತ್ತೆ ಮತ್ತೆ ಬಂದು “ಯವ್ವಾ, ಮೊನ್ನಿ ಐತಿ ಅಂದಿದ್ದಿ, ಇವತ್ತ ಎಲ್ಲಿ ಹೋತು?” ಎಂದು ಕೇಳುತ್ತಿದ್ದಳು. ನೀಲವ್ವ ಬಡಿಗನಿಗೆ ಮತ್ತೆ ಫೋನು ಹಚ್ಚುತ್ತಿದ್ದಳು. ಟೇಪಿನ ಹಿಂದೆ ಅರ್ಧ ಗಂಟೆಗೊಮ್ಮೆ ನಾನು ನನ್ನ ಮಾತು ಹೇಳುತ್ತಲೇ ಇದ್ದೆ. ಅಂಥ ಭಯವನ್ನು, ಅಂಥ ನಾಚಿಕೆಯನ್ನು ನಾನು ಬೇರೆಂದೂ ಉಂಡಿಲ್ಲ.

ಬಡಿಗ ಆರೂ ಕಾಲಿಗೆ ಬಂದ. ರಕ್ತ ತೆಗೆದು, ಪರೀಕ್ಷೆ ಮುಗಿಸಿ ಆಪರೇಷನ್ ಶುರುಮಾಡುವಾಗ ಎಂಟಾಗಿತ್ತು. ತಾಯಿಯೂ ಉಳಿದಳು, ಮಗುವೂ ಉಳಿಯಿತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರು ಅಂದದ್ದು ಕೇಳಿಸಿತು.

ಎರಡು ದಿನದ ಮೇಲೆ ಶಕುಂತಲಾಳನ್ನು ಕರೆಸಿದರು. ಅವಳು ಇರ್ಫಾನನ ಪಕ್ಕ ಕೂತು ಪಟ್ಟಿ ಓದುತ್ತ ಬಂದು ನನ್ನ ಬಳಿ ನಿಂತಳು. ನನ್ನ ಮೇಲೆ ಬೆರಳಿಟ್ಟಳು.

“ಇದು ಮೊದಲನೇ ಸುತ್ತಿನ್ಯಾಗ ಮಾತಾಡ್ತದ. ನಾನ ಬರದದ್ದು. ನಾಲ್ಕು ವರ್ಷ ಗಂಟಿ ಏಳೂದಕ್ಕಿಂತ ಮೊದಲ ಹೇಳ್ಕೋತ ಬಂದದ.”

“ನಾನೂ ಅದನ್ನ ಬಿಟ್ಟು ಬ್ಯಾರೆ ಸಾಲು ನೋಡ್ಲಿಲ್ರಿ ಮೇಡಂ,” ಎಂದ ಇರ್ಫಾನ್.

ಡಿಸ್ಕನ್ನು ಗುಡಿಸಿ ಗಂಟೆಯನ್ನು ಎಬ್ಬಿಸಿದರು. ಹೊಸ ಸಾಲೊಂದನ್ನು ಬರೆದರು. ಅದು ಗಂಟೆ ನಿಜವಾಗಿ ಎದ್ದ ಮೇಲೆ ಮಾತ್ರ ಎದ್ದಿದೆ ಎನ್ನುತ್ತದೆ, ಏಳದಿದ್ದರೆ ಏಳಲಿಲ್ಲ ಎನ್ನುತ್ತದೆ. ಇರ್ಫಾನ್ ನನ್ನನ್ನು ಅಳಿಸಲು ಹೋದಾಗ ಶಕುಂತಲಾ ತಡೆದಳು. “ಇರ್ಲಿ. ಮುಂದ ಬಂದವ್ರು ಓದ್ಲಿ.” ನನ್ನ ತಲೆಯ ಬಳಿ ಒಂದು ಚಿಹ್ನೆ ಹಾಕಿದಳು. ಅದು ಇದ್ದರೆ ಯಂತ್ರ ನನ್ನನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಅಂದಿನಿಂದ ನಾನು ಮೂಕ. ಪಟ್ಟಿಯ ಒಂದು ಮೂಲೆಯಲ್ಲಿ ಬಿದ್ದಿದ್ದೇನೆ, ಯಾರೂ ನನ್ನಿಂದ ಏನನ್ನೂ ಕೇಳುವುದಿಲ್ಲ. ಬಾಯಿ ಹೋದ ಮೇಲೆ ನನಗೆ ನೆಮ್ಮದಿ ಬರಬೇಕಿತ್ತು.

ಬಂದಿಲ್ಲ. ನನ್ನ ಕೆಳಗಿನ ಹೊಸ ಸಾಲು ಪ್ರಾಮಾಣಿಕ, ಇದುವರೆಗೆ ಒಂದು ಸುಳ್ಳನ್ನೂ ಆಡಿಲ್ಲ. ಹತ್ತು ಊರುಗಳಲ್ಲಿ ಜನ ಅದನ್ನು ಓದುತ್ತಾರೆ. ಎಂಟನೇ ಊರಿನಲ್ಲಿ ಮಾತ್ರ ನೀಲವ್ವ ಆ ಟೇಪು ಇವತ್ತಿಗೂ ಬಿಚ್ಚಿಲ್ಲ. ಊಟ ಬಿಟ್ಟು, ಶಿಬಿರ ಬಿಟ್ಟು ತಾಸಿಗೊಮ್ಮೆ ಎದ್ದು ಹೋಗಿ ಬಾಗಿಲು ತೆರೆದು ಥರ್ಮಾಮೀಟರನ್ನೇ ನೋಡುತ್ತಾಳೆ. ಆ ಹೊಸ ಸಾಲು ಅಲ್ಲಿ, ಟೇಪಿನ ಹಿಂದಿನ ಕತ್ತಲಲ್ಲಿ, ಅರ್ಧ ಗಂಟೆಗೊಮ್ಮೆ ಅವಳಿಗೆ ನಿಜ ಹೇಳುತ್ತಲೇ ಇದೆ.