ಮಗ್ಗದ ಸದ್ದಿನೊಳಗೆ ಅವ್ವನ ದನಿ

ನನ್ನ ಕೆಲಸ ಏನೆಂದು ಕೇಳಿದವರಿಗೆ ಹೇಳಿ ಹೇಳಿ ಸಾಕಾಗಿದೆ. ಸುತ್ತಲಿನ ಸದ್ದು ಹಿಡಿದು ತಂದು, ಕಂಪ್ಯೂಟರಿನಲ್ಲಿ ಕತ್ತರಿಸಿ, ಹಿಗ್ಗಿಸಿ, ಒಂದರ ಮೇಲೊಂದು ಹೇರಿ ಸಂಗೀತ ಮಾಡುತ್ತೇನೆ. ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಬೆಲ್ಲದ ದಪ್ಪ ಗಟ್ಟಿ, ಪೆಂಟೆ, ತಕ್ಕಡಿಗೆ ಬೀಳುವ ಸದ್ದಿನಿಂದ ಒಂದು ಕೃತಿ ಮಾಡಿದ್ದೆ. ಅಕ್ಕ ಸಪನಾ ಪೂರ್ತಿ ಕೇಳಿ, ಹಾಡು ಯಾವಾಗ ಶುರುವಾಗುತ್ತದೆ ಎಂದಳು. ಇರಲಿ.

ನಮ್ಮವ್ವ ಮಾಯವ್ವ ಇಚಲಕರಂಜಿಯ ಶೆಡ್ಡೊಂದರಲ್ಲಿ ಪಾವರ್‌ಲೂಮ್ ನಡೆಸುತ್ತಿದ್ದಳು. ಈ ಮಳೆಗಾಲದಲ್ಲಿ ಗಡಹಿಂಗ್ಲಜದ ಅಕ್ಕನ ಮನೆಯಲ್ಲಿ ತೀರಿಕೊಂಡಳು. ನಾನು ಅಳಲಿಲ್ಲ. ಬಂದ ಹೆಂಗಸರು ನನ್ನ ಮುಖ ನೋಡಿ ನೋಡಿ ಸುಸ್ತಾದರು. ಅಳು ಬರದಿದ್ದರೆ ಎಲ್ಲಿಂದ ತರಲಿ? ಹಸಿವೂ ಸತ್ತುಹೋಗಿತ್ತು. ಹೊತ್ತಾಯಿತೆಂದು ತಿನ್ನುತ್ತಿದ್ದೆ, ಅಷ್ಟೆ.

ದಿನವೂ ಫೋನಿನಲ್ಲಿ ಮಾತಾಡಿದ ಅವ್ವನ ಒಂದು ಮಾತನ್ನೂ ನಾವು ಉಳಿಸಿಕೊಂಡಿಲ್ಲ ಎಂಬುದು ಅಕ್ಕನಿಗೆ ಹೊಳೆದದ್ದು ಆಮೇಲೆ.

“ಊರ ಮಂದೀದೆಲ್ಲಾ ಹಿಡದಿಟ್ಟೀದಿ,” ಎಂದಳು. “ಅವ್ವನ ದನಿ ಒಮ್ಮೆ ಕೇಳಸ, ಮನಾಲಿ. ನಂಗ ಮರತ ಹೋಗಾಕತ್ತೇತಿ.”

ನನ್ನ ಹತ್ತಿರ ಇತ್ತು. ಹೋದ ದೀಪಾವಳಿಯ ಮುಂಚೆ ಶೆಡ್ಡಿನಲ್ಲಿ ರೆಕಾರ್ಡರ್ ಹಚ್ಚಿ ನಿಂತಿದ್ದಾಗ ಅವ್ವ ಮಗ್ಗದ ಆಚೆಯಿಂದ ನನ್ನ ಕಡೆ ತಿರುಗಿ, ದಿನಾ ಕೇಳುವುದನ್ನೇ ಕೇಳಿದ್ದಳು, ಉಂಡೀಯೇನ್ಬೇ ಎಂದು. ಕೊನೆಯಲ್ಲಿ ತುಸು ಎಳೆಯುವ ಆ ರೀತಿ ನನ್ನ ಕಿವಿಯಲ್ಲೇ ಇದೆ. ಮಗ್ಗದ ಸದ್ದು ತೆಗೆದರೆ ಮಾತು ಸಿಗುತ್ತದೆ ಎಂದು ಅಕ್ಕನಿಗೆ ಹೇಳಿದೆ. ಕೊಲ್ಹಾಪುರದ ಕಾಲೇಜೊಂದರಲ್ಲಿ ಗೆಳೆಯ ಸಮ್ಮೇದ ನನ್ನ ಕಾರ್ಯಕ್ರಮ ಇಟ್ಟಿದ್ದ. ಅಲ್ಲೇ ಕೇಳಿಸುತ್ತೇನೆ, ಬಾ ಎಂದು ಮಾತು ಕೊಟ್ಟೆ.

ಮೋಟರಿನ ಗುಂಯ್ ತೆಗೆದೆ. ಲಾಳಿ ಅತ್ತಿತ್ತ ಬಡಿಯುವ ಏಟು ತೆಗೆದೆ. ಹಿಟ್ಟು ಸಾಣಿಸಿದ ಹಾಗೆ ಸಾಣಿಸಿದೆ. ಅವ್ವ ಸಿಗಲಿಲ್ಲ. ಮೈಕಿಗೆ ಬೈದೆ, ಸಾಫ್ಟ್‌ವೇರಿಗೆ ಬೈದೆ. ಅದು ಬಿಟ್ಟರೆ ಏನೂ ಅನಿಸಲಿಲ್ಲ.

ಬರೀ ಮಗ್ಗದ ಸದ್ದು ಹಿಡಿದು ತಂದರೆ ಅದನ್ನು ಹಳೆಯ ರೆಕಾರ್ಡಿಂಗಿನಿಂದ ಕಳೆಯಬಹುದೆಂದು ಮತ್ತೆ ಶೆಡ್ಡಿಗೆ ಹೋದೆ. ಅವ್ವನ ಮಗ್ಗದ ಮೇಲೆ ಬೇರೆ ಯಾರೋ ಇದ್ದರು. ಪಕ್ಕದ ಮಗ್ಗದ ಚೆನ್ನವ್ವ ನನ್ನನ್ನು ನೋಡಿ, ಯಾವಾಗ ಬಂದೆ, ಸಪನಾ ಹೇಗಿದ್ದಾಳೆ ಎಂದೆಲ್ಲ ವಿಚಾರಿಸಿದಳು. ಸಾಕಷ್ಟು ಹೊತ್ತು ಮಾತಾಡಿದೆವು. ರೂಮಿಗೆ ಬಂದು ಕೇಳಿದರೆ ಅವಳ ದನಿಯೂ ಇಲ್ಲ, ರೆಕಾರ್ಡರನ್ನು ಕೈಯಲ್ಲೇ ಹಿಡಿದಿದ್ದ ನನ್ನದೂ ಇಲ್ಲ.

ಆಗ ತಲೆಗೆ ಹೋಯಿತು. ಶೆಡ್ಡಿನಲ್ಲಿ ಯಾರೂ ದನಿ ತೆಗೆಯುವುದಿಲ್ಲ. ಅಷ್ಟು ಸದ್ದಿನಲ್ಲಿ ಗಂಟಲು ಯಾಕೆ ಹರಿದುಕೊಳ್ಳಬೇಕು? ತುಟಿ ಆಡಿಸುತ್ತಾರೆ, ಎದುರಿನವರು ನೋಡಿ ತಿಳಿದುಕೊಳ್ಳುತ್ತಾರೆ. ಅಕ್ಕನ ಹಾಗೆಯೇ ಮಗ್ಗದ ಬದಿಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿ ಬೆಳೆದ ನನಗೆ ಅದು ಮಾತಾಗಿಯೇ ಕೇಳಿಸುತ್ತಿತ್ತು. ಸದ್ದಿನ ಮೇಲೆ ಹೊಟ್ಟೆ ಹೊರೆಯುವ ನನಗೆ ಇಷ್ಟೂ ತಿಳಿಯಲಿಲ್ಲ, ಭಲೆ.

ಅಕ್ಕನಿಗೆ ಫೋನ್ ಮಾಡಿ, ಅವ್ವ ಬರೀ ತುಟಿಯಲ್ಲಿ ಕೇಳಿದ್ದಳು, ದನಿ ಇಲ್ಲ ಎಂದೆ. ಅವಳು, ಹೇಗೂ ಬರುತ್ತೇನೆ ಎಂದು ಫೋನ್ ಇಟ್ಟಳು.

ಕಾರ್ಯಕ್ರಮದ ದಿನ ಬೆಲ್ಲದ ಪೆಂಟೆಯ ಧಪ್, ಸಿಟಿ ಬಸ್ಸಿನ ಬಾಗಿಲು, ರಿಕ್ಷಾದ ಕೆಮ್ಮು ಎಲ್ಲವೂ ಬಂದವು. ಒಂದೊಂದಾಗಿ ಮಗ್ಗದ ಅಡಿಗೆ ಮುಳುಗಿದವು. ಅವ್ವ ತಿರುಗಿದ ಆ ಹೊತ್ತಿನ ಸದ್ದನ್ನು ನಾನು ಏನೂ ತೆಗೆಯದೆ, ಶೆಡ್ಡಿನಲ್ಲಿ ಇದ್ದಷ್ಟೇ ಜೋರಾಗಿ ಬಿಟ್ಟೆ. ಸಮ್ಮೇದ ಕಿವಿ ಮುಚ್ಚಿಕೊಂಡು, ಕಡಿಮೆ ಮಾಡು ಎಂದು ಸನ್ನೆ ಮಾಡಿದ. ಮಾಡಲಿಲ್ಲ.

ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ತಲೆ ಎತ್ತಿದಳು. ಆ ಸದ್ದಿನ ಆಚೆಯಿಂದ ನನ್ನ ಕಡೆ ತಿರುಗಿದಳು. ಅವಳ ತುಟಿ ಆಡಿತು, ಕೊನೆಯಲ್ಲಿ ತುಸು ಎಳೆಯಿತು.

“ಉಂಡೀಯೇನ್ಬೇ?”

ಅವ್ವನ ದನಿಯಲ್ಲೇ ಕೇಳಿಸಿತು. ಇಷ್ಟು ತಿಂಗಳ ಮೇಲೆ ಹೊಟ್ಟೆ ಚುರ್ ಎಂದಿತು.

“ಇಲ್ಲ,” ಎಂದೆ, ದನಿ ತೆಗೆಯದೆ. “ಭಾಳ ಹಸದೇನಿ.”